ನೀರು ಬರುವ ದಾರಿ: ಬಾವಿಗಳ ವಿಧಗಳು ಮತ್ತು ವರ್ಗೀಕರಣ

(ಹಾಸನದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ನೀರುಗಂಟಿಗಳು ಮತ್ತು ರೈತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಪಂಚಾಯಿತಿ ಸದಸ್ಯರಿಗೆ, ಹಳ್ಳಿಯ ನೀರಿನ ಹೊಣೆ ಹೊತ್ತಿರುವ ನೀರುಗಂಟಿಗಳಿಗೆ ಮತ್ತು ರೈತ ಬಂಧುಗಳಿಗೆ ನಮಸ್ಕಾರ.

ಬಾವಿಗಳಲ್ಲಿ ಎಷ್ಟು ವಿಧ ಎಂದು ಕೇಳಿದರೆ ನಮ್ಮ ಕಡೆ ತಟ್ಟನೆ ಸಿಗುವ ಉತ್ತರ ಎರಡೇ: ತೆರೆದ ಬಾವಿ ಮತ್ತು ಬೋರು. ವಯಸ್ಸಾದವರು ಸೇದುವ ಬಾವಿ, ಮೆಟ್ಟಿಲು ಬಾವಿ, ಎತ್ತು ಕಟ್ಟಿ ನೀರೆಳೆಸುವ ಕಪಿಲೆ ಬಾವಿ, ಕಲ್ಯಾಣಿ ಎಂದು ಇನ್ನೂ ಕೆಲವು ಹೆಸರು ಸೇರಿಸುತ್ತಾರೆ. ನೀರಾವರಿ ಎಂಜಿನಿಯರುಗಳ ಪಟ್ಟಿ ಬೇರೆ, ಸಣ್ಣ ನೀರಾವರಿ ಗಣತಿಯವರ ಪಟ್ಟಿ ಬೇರೆ, ಆರೋಗ್ಯ ಇಲಾಖೆಯವರ ಪಟ್ಟಿ ಮತ್ತೂ ಬೇರೆ. ಈ ಪಟ್ಟಿಗಳು ಒಂದಕ್ಕೊಂದು ಹೊಂದದಿರುವುದರಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಪ್ರತಿಯೊಂದು ಪಟ್ಟಿಯೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರವಾಗಿದೆ. ಆದರೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ನೆಲದಲ್ಲಿ ಬಾವಿ ತೋಡುವ, ದುರಸ್ತಿ ಮಾಡುವ, ಮುಚ್ಚುವ ನಿರ್ಧಾರ ತೆಗೆದುಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ ಎಂದು ನಾನು ನಂಬಿದ್ದೇನೆ. ಈ ಬಾವಿಗೆ ನೀರು ಭೂಮಿಯ ಯಾವ ಪದರದಿಂದ, ಯಾವ ದಾರಿಯಲ್ಲಿ ಬರುತ್ತದೆ ಎಂಬುದೇ ಆ ಪ್ರಶ್ನೆ. ಬಾವಿಯ ಬಾಯಿಯ ಅಗಲ, ಆಳ, ಮೇಲೆ ಕೂರಿಸಿದ ಪಂಪು ಇವೆಲ್ಲ ಆಮೇಲಿನ ವಿಚಾರ.

ಆದ್ದರಿಂದ ನೆಲದಿಂದಲೇ ಆರಂಭಿಸುತ್ತೇನೆ. ಹಾಸನ ಜಿಲ್ಲೆಯ ಬಹುಭಾಗದ ಅಡಿಯಲ್ಲಿರುವುದು ಭೂವಿಜ್ಞಾನಿಗಳು ನೈಸ್ ಎಂದು ಕರೆಯುವ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ, ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಹೊಳೆನರಸೀಪುರ ಮತ್ತು ನುಗ್ಗೇಹಳ್ಳಿಯ ಸುತ್ತ ಹಾಗೂ ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಶಿಸ್ಟ್ ಎಂಬ ಪದರುಗಲ್ಲಿನ ಪಟ್ಟಿಗಳೂ ಇವೆ. ಈ ಎರಡು ಬಗೆಯ ಕಲ್ಲಿಗೂ ಮರಳಿಗಿರುವಂತೆ ತನ್ನ ಕಣಗಳ ನಡುವೆ ನೀರು ಹಿಡಿದಿಡುವ ಎಡೆಯಿಲ್ಲ. ನೀರು ಇರುವುದಾದರೆ ಅದು ಎರಡೇ ಕಡೆ. ಒಂದು, ಬಿಸಿಲು ಮಳೆಗೆ ಸಿಕ್ಕಿ ಕಾಲಾಂತರದಲ್ಲಿ ಮೆದುವಾದ ಮೇಲಿನ ಪದರ, ಎಂದರೆ ನಾವು ಗೊಚ್ಚು, ಗರಸು ಎಂದು ಕರೆಯುವ ಮಣ್ಣು ಮತ್ತು ಅದರ ಅಡಿಯ ಮೆದು ಕಲ್ಲು. ಇನ್ನೊಂದು, ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಅಲ್ಲಲ್ಲಿ ಬಿಟ್ಟಿರುವ ಬಿರುಕುಗಳು. ಮೇಲಿನ ಮೆದು ಪದರದ ದಪ್ಪ ಒಂದೇ ಊರಿನಲ್ಲಿಯೂ ಸಮನಾಗಿರುವುದಿಲ್ಲ. ಒಂದು ಹೊಲದಲ್ಲಿ ಐದು ಮೀಟರಿಗೇ ಬಂಡೆ ಸಿಕ್ಕರೆ ಪಕ್ಕದ ತಗ್ಗಿನಲ್ಲಿ ಇಪ್ಪತ್ತು ಮೀಟರಿನವರೆಗೂ ಗೊಚ್ಚು ಮಣ್ಣೇ ಇರಬಹುದು. ಮಳೆಯ ನೀರು ಮೊದಲು ಈ ಮೆದು ಪದರಕ್ಕೆ ಇಂಗಿ, ಅಲ್ಲಿಂದ ನಿಧಾನವಾಗಿ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಬಿರುಕುಗಳು ಸಾಮಾನ್ಯವಾಗಿ ಆಳಕ್ಕೆ ಹೋದಂತೆಲ್ಲ ವಿರಳವಾಗುತ್ತವೆ, ಇಕ್ಕಟ್ಟಾಗುತ್ತವೆ. ನಾನು ಮುಂದೆ ಹೇಳುವ ಎಲ್ಲವೂ ಈ ರಚನೆಯನ್ನು ಅವಲಂಬಿಸಿದೆ.

ಈಗ ತೆರೆದ ಬಾವಿಯ ವಿಷಯ. ನೀರಾವರಿ ಎಂಜಿನಿಯರಿಂಗ್‌ನಲ್ಲಿ ತೆರೆದ ಬಾವಿಗಳನ್ನು ಆಳವಲ್ಲದ ಬಾವಿ ಮತ್ತು ಆಳದ ಬಾವಿ ಎಂದು ವಿಂಗಡಿಸುತ್ತಾರೆ. ಈ ವಿಂಗಡಣೆಗೆ ಅಡಿಗೋಲಿನ ಲೆಕ್ಕವಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ನೀರು ಇಳಿಯಲು ಬಿಡದ ಮೊದಲ ಜೇಡಿ ಪದರಕ್ಕಿಂತ ಮೇಲಿನ ನೀರನ್ನು ಪಡೆಯುವ ಬಾವಿ ಎಷ್ಟೇ ಆಳವಾಗಿದ್ದರೂ ಅದು ಆಳವಲ್ಲದ ಬಾವಿ. ಆ ಜೇಡಿ ಪದರದ ಮೇಲೆ ಕಟ್ಟಡವನ್ನು ಕೂರಿಸಿ, ಪದರಕ್ಕೆ ಒಂದು ರಂಧ್ರ ಕೊರೆದು, ಅದರ ಅಡಿಯ ಮರಳಿನ ನೀರು ಮೇಲೇರುವಂತೆ ಮಾಡಿದ ಬಾವಿ ಆಳದ ಬಾವಿ. ಹೀಗಾಗಿ ಹತ್ತು ಮೀಟರಿನ ಬಾವಿ ಆಳದ ಬಾವಿಯಾಗಿ, ಹದಿನೈದು ಮೀಟರಿನ ಬಾವಿ ಆಳವಲ್ಲದ ಬಾವಿಯಾಗಿ ದಾಖಲಾಗುವುದು ಸಾಧ್ಯ. ಮೇಲ್ಪದರದ ನೀರು ಊರಿನ ಕೊಳಕನ್ನು ಬೇಗ ಹೀರಿಕೊಳ್ಳುತ್ತದೆ, ಜೇಡಿಯ ಅಡಿಯ ನೀರಿಗೆ ಆ ಪದರವೇ ರಕ್ಷಣೆ ಕೊಡುತ್ತದೆ, ಬೇಸಿಗೆಯಲ್ಲಿಯೂ ಅದು ಅಷ್ಟು ಬೇಗ ಇಳಿಯುವುದಿಲ್ಲ. ಈ ವಿಂಗಡಣೆಯ ಪ್ರಯೋಜನ ಅದು. ಆದರೆ ಇದು ಗಂಗಾ ಬಯಲಿನಂಥ ಮೆಕ್ಕಲು ಮಣ್ಣಿನ ನಾಡಿನಲ್ಲಿ ಹುಟ್ಟಿದ ವಿಂಗಡಣೆ. ಮರಳು, ಜೇಡಿ, ಮತ್ತೆ ಮರಳು ಎಂಬಂತೆ ಪದರಗಳು ಒಂದರ ಮೇಲೊಂದು ಕೂತಿರುವ ಅಂಥ ನೆಲ ನಮ್ಮಲ್ಲಿ ಅಪರೂಪ. ನಮ್ಮ ತೆರೆದ ಬಾವಿಗಳಲ್ಲಿ ಹೆಚ್ಚಿನವು, ಹಳಬರು ಎಷ್ಟೇ ಆಳ ತೋಡಿರಲಿ, ಈ ಅರ್ಥದಲ್ಲಿ ಆಳವಲ್ಲದ ಬಾವಿಗಳೇ. ಅವು ಗೊಚ್ಚು ಪದರದ ನೀರನ್ನು ನಂಬಿಕೊಂಡಿವೆ. ಪಠ್ಯಪುಸ್ತಕದ ವರ್ಗಗಳನ್ನು ಹಾಗೆಯೇ ತಂದು ನಮ್ಮ ಬಾವಿಗಳಿಗೆ ಅಂಟಿಸಬಾರದು ಎಂದು ನಾನು ಹೇಳುವುದು ಇದಕ್ಕಾಗಿ.

ಬಾವಿಯ ಒಳಗೋಡೆಯನ್ನು ನೋಡಿದರೂ ನೀರಿನ ದಾರಿ ತಿಳಿಯುತ್ತದೆ. ಗಾರೆ ಹಾಕಿ ಇಟ್ಟಿಗೆ ಅಥವಾ ಕಲ್ಲಿನಿಂದ ಬಿಗಿಯಾಗಿ ಕಟ್ಟಿದ ಬಾವಿಗೆ ನೀರು ತಳದಿಂದ ಮಾತ್ರ ಬರುತ್ತದೆ. ನಮ್ಮ ಹಳೆಯ ಬಾವಿಗಳಲ್ಲಿರುವಂತೆ ಗಾರೆಯಿಲ್ಲದೆ ಕಾಡುಗಲ್ಲು ಜೋಡಿಸಿದ ಗೋಡೆಯಾದರೆ ಸಂದುಗಳಿಂದ, ಸುತ್ತಲಿನಿಂದಲೂ ಜಿನುಗುತ್ತದೆ. ಮೇಲರ್ಧಕ್ಕೆ ಕಟ್ಟಡ ಕಟ್ಟಿ ಕೆಳಗೆ ಬಂಡೆಯನ್ನು ಹಾಗೆಯೇ ಬಿಟ್ಟ ಬಾವಿಯಲ್ಲಿ ಬಂಡೆಯ ಒಂದೆರಡು ಬಿರುಕುಗಳಿಂದಲೇ ಹೆಚ್ಚಿನ ನೀರು ಬರುತ್ತಿರುತ್ತದೆ. ಬಾವಿ ಇಳಿದು ನೋಡಿದವರು ಸೆಲೆ ಇಂಥ ದಿಕ್ಕಿನಲ್ಲಿದೆ ಎಂದು ಬೆರಳು ಮಾಡಿ ತೋರಿಸುವುದು ಅದನ್ನೇ. ಇತ್ತೀಚೆಗೆ ಸಿಮೆಂಟ್ ರಿಂಗ್ ಇಳಿಸಿ ಮಾಡುವ ರಿಂಗ್ ಬಾವಿಗಳೂ ಹೆಚ್ಚಾಗಿವೆ. ಹಳೆಯ ಕಲ್ಲು ಬಾವಿಯನ್ನು ದುರಸ್ತಿ ಮಾಡುವಾಗ ಒಳಗೋಡೆಗೆ ತಳದವರೆಗೂ ಸಿಮೆಂಟ್ ಗಿಲಾವು ಮಾಡಿಸಿದ ಉದಾಹರಣೆಗಳನ್ನು ಕಂಡಿದ್ದೇನೆ. ಗೋಡೆ ನೋಡಲು ಚೆನ್ನಾಗಿರುತ್ತದೆ, ಸುತ್ತಲಿನ ಸೆಲೆಗಳು ಮಾತ್ರ ಮುಚ್ಚಿಹೋಗಿರುತ್ತವೆ. ಮೇಲಿನ ಆರು ಮೀಟರ್‌ವರೆಗೆ ಬಿಗಿ ಕಟ್ಟಡ ಇರಲಿ, ಏಕೆಂದರೆ ಮೇಲಿನ ಕೊಳಕು ನೀರು ಇಳಿಯಬಾರದು. ಅದರ ಕೆಳಗೆ ಸಂದುಗಳು ಸಂದುಗಳಾಗಿಯೇ ಉಳಿಯಬೇಕು.

ಮನುಷ್ಯ ನೀರಿನ ಬಳಿಗೆ ಹೇಗೆ ಹೋಗುತ್ತಾನೆ ಎಂಬುದರ ಮೇಲೂ ಬಾವಿಗಳನ್ನು ವಿಂಗಡಿಸಬಹುದು. ಹಗ್ಗ, ರಾಟೆ, ಕೊಡದಿಂದ ನೀರನ್ನು ಮೇಲಕ್ಕೆ ತರುವುದು ಸೇದುವ ಬಾವಿ. ಮನುಷ್ಯನೇ ನೀರಿನವರೆಗೆ ಇಳಿದು ಹೋಗುವುದು ಮೆಟ್ಟಿಲು ಬಾವಿ. ಎರಡನೆಯದರ ಅತಿ ಸುಂದರ ರೂಪ ನಮ್ಮ ಜಿಲ್ಲೆಯಲ್ಲಿಯೇ ಇದೆ: ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ, ಸುತ್ತಲೂ ಪುಟ್ಟ ಗುಡಿಗಳನ್ನು ಹೊತ್ತ ಕಲ್ಯಾಣಿಯನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಬೇಲೂರಿನ ದೇವಾಲಯದ ವಾಸುದೇವ ತೀರ್ಥ, ಶ್ರವಣಬೆಳಗೊಳದ ಎರಡು ಬೆಟ್ಟಗಳ ನಡುವಿನ ಕೊಳ ಇವೂ ಅದೇ ಕುಲದವು. ಮಟ್ಟ ಎಷ್ಟೇ ಇಳಿದರೂ ಇನ್ನೊಂದು ಮೆಟ್ಟಿಲು ಇಳಿದು ನೀರು ಮುಟ್ಟಬಹುದು ಎಂಬುದು ಈ ರಚನೆಯ ಅನುಕೂಲ. ಆದರೆ ಆರೋಗ್ಯದ ದೃಷ್ಟಿಯಿಂದ ಅದೇ ಅದರ ದೋಷವೂ ಆಯಿತು. ನಾರುಹುಣ್ಣು ಎಂಬ ರೋಗದ ಕಥೆ ಹಿರಿಯರಿಗೆ ನೆನಪಿರಬಹುದು. ಕಾಲಿನ ಹುಣ್ಣಿನಲ್ಲಿ ಹುಳುವಿದ್ದ ವ್ಯಕ್ತಿ ಮೆಟ್ಟಿಲು ಬಾವಿಯ ನೀರಿಗೆ ಕಾಲಿಟ್ಟಾಗ ಹುಳುವಿನ ಮರಿಗಳು ನೀರಿಗೆ ಬಿಡುಗಡೆಯಾಗಿ, ಸೈಕ್ಲಾಪ್ಸ್ ಎಂಬ ಸೂಕ್ಷ್ಮ ನೀರುಜೀವಿಯನ್ನು ಹೊಕ್ಕು, ಆ ನೀರು ಕುಡಿದವರ ದೇಹವನ್ನು ಸೇರುತ್ತಿದ್ದವು. ಉತ್ತರ ಕರ್ನಾಟಕದ ಹಲವು ಹಳ್ಳಿಗಳು ಇದರಿಂದ ನರಳಿದವು. ಔಷಧಿಯೂ ಲಸಿಕೆಯೂ ಇಲ್ಲದ ಈ ರೋಗವನ್ನು ದೇಶದಿಂದ ಓಡಿಸಿದ್ದು ನೀರನ್ನು ಬಟ್ಟೆಯಲ್ಲಿ ಸೋಸುವ ಅಭ್ಯಾಸ, ಕೈಪಂಪುಗಳು ಮತ್ತು ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಾಯಿಸಿದ ಕೆಲಸ. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಬಾವಿಗೆ ಮೆಟ್ಟಿಲಿದೆಯೋ ಕಟ್ಟೆಯಿದೆಯೋ ಎಂಬ ಒಂದು ಸರಳ ವಿಂಗಡಣೆಗೆ ಇಷ್ಟು ಮಹತ್ವವಿತ್ತು. ಕಲ್ಯಾಣಿಗಳನ್ನು ಹೂಳು ತೆಗೆದು ಉಳಿಸಿಕೊಳ್ಳೋಣ, ಸುತ್ತಲ ನೆಲದಲ್ಲಿ ನೀರು ನಿಲ್ಲಲು ಅವು ಬೇಕು. ಕುಡಿಯುವ ನೀರಿಗೆ ಮಾತ್ರ ಕಟ್ಟೆ ಇರುವ ಬಾವಿಯೇ ಇರಲಿ.

ನೀರೆತ್ತುವ ಸಾಧನಗಳ ಆಧಾರದ ವಿಂಗಡಣೆಯನ್ನು, ಎಂದರೆ ಏತ, ಕಪಿಲೆ, ಕೈಪಂಪು, ಮೋಟಾರು ಎಂಬುದನ್ನು, ವಿಸ್ತರಿಸುವುದಿಲ್ಲ. ಒಂದು ಮಾತು ಸಾಕು: ಮೇಲೆ ಕೂತು ಹೀರುವ ಪಂಪು ಗಾಳಿಯ ಒತ್ತಡವನ್ನು ನಂಬಿದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 10.3 ಮೀಟರ್ ನೀರಿಗೆ ಸಮ. ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಅದು 9 ಮೀಟರಿನ ಆಸುಪಾಸಿಗೆ ಇಳಿಯುತ್ತದೆ, ಪಂಪಿನೊಳಗಿನ ನಷ್ಟ ಕಳೆದರೆ ಆರೇಳು ಮೀಟರು ಉಳಿದೀತು. ಹಳೆಯ ತೋಟದ ಬಾವಿಗಳ ಒಳಗೆ ಅಟ್ಟಣೆ ಕಟ್ಟಿ ಪಂಪನ್ನು ಕೆಳಗಿಳಿಸುತ್ತಿದ್ದುದು ಈ ಕಾರಣಕ್ಕೆ.

ಕೊಳವೆ ಬಾವಿಗೆ ಬರೋಣ. ಇಲ್ಲಿ ಎರಡು ಬೇರೆ ರಚನೆಗಳನ್ನು ನಾವು ಒಂದೇ ಎಂದು ತಿಳಿದಿರುತ್ತೇವೆ. ಮರಳು, ಮೆಕ್ಕಲು ಇರುವ ನಾಡಿನಲ್ಲಿ ಕೊರೆದ ರಂಧ್ರ ತಾನಾಗಿ ನಿಲ್ಲುವುದಿಲ್ಲ. ತಳದವರೆಗೂ ಪೈಪ್ ಇಳಿಸಲೇಬೇಕು. ನೀರಿನ ಪದರ ಇರುವಲ್ಲಿ ಪೈಪಿಗೆ ಸೀಳುಗಳನ್ನು ಕೊರೆದಿರುತ್ತಾರೆ ಅಥವಾ ಜಾಲರಿ ಸುತ್ತಿರುತ್ತಾರೆ, ಸುತ್ತ ಜಲ್ಲಿ ತುಂಬುತ್ತಾರೆ. ಗಟ್ಟಿ ಜೇಡಿಯ ಅಡಿಯಲ್ಲಿ ಮರಳನ್ನು ಹೊರತೆಗೆದು ಒಂದು ಟೊಳ್ಳು ಮಾಡಿ ಅಲ್ಲಿಂದ ನೀರೆತ್ತುವ ಬಗೆಯೂ ಉಂಟು. ಕರಾವಳಿಯ ಮತ್ತು ನದಿ ಬಯಲಿನ ಮರಳಿನಲ್ಲಿ ಕೆಲವೇ ಮೀಟರ್ ಆಳಕ್ಕೆ ಇಳಿಸುವ ಫಿಲ್ಟರ್ ಪಾಯಿಂಟ್ ಬಾವಿಗಳೂ ಇದೇ ಗುಂಪಿನವು. ನಮ್ಮ ಬೋರು ಇವುಗಳಲ್ಲಿ ಯಾವುದೂ ಅಲ್ಲ. ನಮ್ಮಲ್ಲಿ ಗೊಚ್ಚು ಪದರದ ಉದ್ದಕ್ಕೆ ಮಾತ್ರ, ಮಣ್ಣು ಕುಸಿಯದಂತೆ ತಡೆಯುವ ಕೇಸಿಂಗ್ ಪೈಪ್ ಇಳಿಯುತ್ತದೆ. ಅದರ ಕೆಳಗೆ ನೂರು, ಇನ್ನೂರು, ಮುನ್ನೂರು ಮೀಟರಿನವರೆಗೂ ಇರುವುದು ಪೈಪಿಲ್ಲದ ಬರಿ ಬಂಡೆಯ ರಂಧ್ರ. ಆ ರಂಧ್ರವು ದಾರಿಯಲ್ಲಿ ನೀರಿರುವ ಬಿರುಕನ್ನು ಕತ್ತರಿಸಿದರೆ ನೀರು, ಇಲ್ಲವಾದರೆ ಧೂಳು. ಬಂಡೆಯನ್ನು ಗಾಳಿಯ ಒತ್ತಡದ ಸುತ್ತಿಗೆಯಿಂದ ಗಂಟೆಗಳಲ್ಲಿ ಕೊರೆಯುವ ಯಂತ್ರಗಳು 1960ರ ದಶಕದ ಕೊನೆಯ ಬರಗಾಲದ ವರ್ಷಗಳಲ್ಲಿ ಯುನಿಸೆಫ್ ನೆರವಿನಿಂದ ದೇಶಕ್ಕೆ ಬಂದವು. ಆಗ ಅವುಗಳ ಗುರಿ ಕುಡಿಯುವ ನೀರು, ಮೇಲೆ ಕೂರಿಸಿದ್ದು ಕೈಪಂಪು. ಒಂದು ಕೈಪಂಪು ದಿನವಿಡೀ ಎತ್ತುವ ನೀರಿಗೂ ಸಬ್‌ಮರ್ಸಿಬಲ್ ಪಂಪು ಎತ್ತುವ ನೀರಿಗೂ ಇರುವ ಅಂತರವನ್ನು ಯೋಚಿಸಿದರೆ, ಅದೇ ರಂಧ್ರ ಐವತ್ತು ವರ್ಷಗಳಲ್ಲಿ ಬೇರೆಯೇ ಜಾತಿಯ ಬಾವಿಯಾಯಿತೆಂದು ಹೇಳಬೇಕಾಗುತ್ತದೆ.

ಕೇಸಿಂಗ್ ಪೈಪಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಣ ಉಳಿಸುವ ಆತುರದಲ್ಲಿ ಹೆಚ್ಚು ಅನ್ಯಾಯವಾಗುವುದು ಇಲ್ಲಿಯೇ. ಕೇಸಿಂಗ್ ಗೊಚ್ಚು ಪದರವನ್ನೆಲ್ಲ ದಾಟಿ ಗಟ್ಟಿ ಬಂಡೆಯಲ್ಲಿ ಬಿಗಿಯಾಗಿ ಕೂರಬೇಕು. ಆಗ ಆ ಬೋರು ಬಿರುಕಿನ ನೀರನ್ನು ಮಾತ್ರ ಪಡೆಯುವ ಬೋರು. ಕೇಸಿಂಗ್ ಗಿಡ್ಡವಾದರೆ ಮೆದು ಪದರದ ನೀರು ರಂಧ್ರದೊಳಕ್ಕೆ ಸುರಿಯತೊಡಗುತ್ತದೆ. ಬೋರಿನವನಿಗೆ ಆರಂಭದಲ್ಲಿ ನೀರು ಹೆಚ್ಚು ಬಂದಂತೆ ಕಾಣುತ್ತದೆ. ಆದರೆ ಅದು ಪಕ್ಕದ ತೆರೆದ ಬಾವಿಯ ನೀರು. ಮೇಲಿನ ಪದರದ ಕೊಳಕು, ಹತ್ತಿರದ ಶೌಚಗುಂಡಿಯ ಸೋರಿಕೆ ಎಲ್ಲವೂ ಅದೇ ದಾರಿಯಲ್ಲಿ ಆಳಕ್ಕಿಳಿಯುತ್ತವೆ. ಬೋರಿನ ನೀರು ಆಳದ್ದು, ಆದ್ದರಿಂದ ಶುದ್ಧ ಎಂಬ ನಂಬಿಕೆ ಕೇಸಿಂಗ್ ಸರಿಯಾಗಿ ಕೂತ ಬೋರಿಗೆ ಮಾತ್ರ, ಅದೂ ರೋಗಾಣುಗಳ ಮಟ್ಟಿಗೆ ಮಾತ್ರ, ಸಲ್ಲುತ್ತದೆ. ಬಂಡೆಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್, ಗಡಸುತನ ಹೆಚ್ಚಿರಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ನೋಡಿ, ಸೇದಿ, ರುಚಿ ನೋಡಿ ಇದನ್ನು ತಿಳಿಯಲಾಗದು, ಪರೀಕ್ಷೆ ಮಾಡಿಸಲೇಬೇಕು.

ತೆರೆದ ಬಾವಿಗೂ ಬೋರಿಗೂ ನಡುವಿನ ಒಂದು ವರ್ಗವಿದೆ. ತೆರೆದ ಬಾವಿಯ ತಳದಲ್ಲಿ ಬೋರು ಕೊರೆದು, ಬಿರುಕಿನ ನೀರು ಬಾವಿಯೊಳಗೆ ಏರಿ ಸಂಗ್ರಹವಾಗುವಂತೆ ಮಾಡಿದ್ದು ಅದು. ಗೋಡೆಯಲ್ಲಿ ಸೆಲೆಯ ದಿಕ್ಕಿಗೆ ಅಡ್ಡ ಬೋರು ಹೊಡೆಸುವುದೂ ಇದೇ ಬಗೆಯ ಉಪಾಯ. ಬಿರುಕಿನ ನೀರಿಗೆ ಒತ್ತಡವಿದ್ದರೆ ಇದು ಫಲಿಸುತ್ತದೆ. ಬಿರುಕಿನ ಮಟ್ಟ ಬಾವಿಯ ತಳಕ್ಕಿಂತ ಕೆಳಗೆ ಹೋಗಿರುವ ಊರುಗಳಲ್ಲಿ, ಇವತ್ತು ಅರಸೀಕೆರೆ, ಕಡೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಇರುವಂತೆ, ತಳದ ಬೋರು ಬಾವಿಗೆ ನೀರು ತರುವ ಬದಲು ಇದ್ದ ನೀರನ್ನೂ ಕೆಳಕ್ಕೆ ಇಳಿಸಿಬಿಡುತ್ತದೆ. ಅಲ್ಲಿ ತಳ ಕೊರೆಸುವ ಮೊದಲು ಹತ್ತಿರದ ಬೋರುಗಳ ನೀರಿನ ಮಟ್ಟ ಎಷ್ಟು ಎಂದು ಅಳೆದು ನೋಡುವುದು ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ಒತ್ತಡದ ಮಾತು ಬಂದದ್ದರಿಂದ ತಾನಾಗಿ ಉಕ್ಕುವ ಬಾವಿಯನ್ನೂ ಹೇಳಬೇಕು. ಎತ್ತರದ ಜಾಗದಲ್ಲಿ ಇಂಗಿದ ನೀರು ಎರಡು ಬಿಗಿ ಪದರಗಳ ನಡುವೆ ಸಿಕ್ಕಿಕೊಂಡು ತಗ್ಗಿಗೆ ಹರಿದಿದ್ದರೆ, ಅಲ್ಲಿ ಕೊರೆದಾಗ ನೀರು ತಾನೇ ಮೇಲೇರುತ್ತದೆ. ಒತ್ತಡ ಸಾಕಷ್ಟಿದ್ದರೆ ನೆಲದ ಮೇಲೂ ಹರಿಯುತ್ತದೆ. ಫ್ರಾನ್ಸ್‌ನ ಆರ್ಟುವಾ ಪ್ರಾಂತ್ಯದಲ್ಲಿ ಹನ್ನೆರಡನೆಯ ಶತಮಾನದಲ್ಲೇ ಇಂಥವನ್ನು ಕೊರೆದಿದ್ದರಿಂದ ಆರ್ಟೀಸಿಯನ್ ಬಾವಿ ಎಂಬ ಹೆಸರು ಬಂತು. ಮಲೆನಾಡಿನ ಕಣಿವೆಗಳಲ್ಲಿ ಮಳೆಗಾಲದಲ್ಲಿ ಕೆಲವು ಬೋರುಗಳು ಉಕ್ಕುವುದೂ ಇಂಥದೇ ಒತ್ತಡದಿಂದ, ಗುಡ್ಡದ ಮೇಲಿನ ಬಿರುಕುಗಳಿಗೆ ಇಳಿದ ಮಳೆನೀರಿನಿಂದ. ಉಕ್ಕುವ ಬೋರು ಅಕ್ಷಯ ಎಂದು ಭಾವಿಸಿ ಅದನ್ನು ಹಾಗೆಯೇ ಹರಿಯಬಿಡುವುದು ಸರಿಯಲ್ಲ. ಬಾಯಿಗೆ ವಾಲ್ವ್ ಹಾಕಿದರೆ ಆ ನೀರು ಬೇಸಿಗೆಗೆ ಉಳಿಯುತ್ತದೆ.

ಇನ್ನು ನೀರಿನ ಅಳತೆ. ಬಾವಿಯಲ್ಲಿ ನಿಂತಿರುವ ನೀರು ಮತ್ತು ಬಾವಿಗೆ ಬರುವ ನೀರು ಇವೆರಡನ್ನೂ ಬೇರೆಯಾಗಿ ಎಣಿಸಬೇಕು. 4 ಮೀಟರ್ ಅಗಲದ ತೆರೆದ ಬಾವಿಯಲ್ಲಿ ಒಂದು ಮೀಟರ್ ನೀರು ಎಂದರೆ ಸುಮಾರು 12,500 ಲೀಟರ್. ಆರೂವರೆ ಇಂಚಿನ ಬೋರಿನಲ್ಲಿ ಒಂದು ಮೀಟರ್ ನೀರು ಎಂದರೆ ಕೇವಲ 21 ಲೀಟರ್. 200 ಮೀಟರ್ ನೀರು ನಿಂತ ಬೋರಿನಲ್ಲಿರುವ ಅಷ್ಟೂ ನೀರನ್ನು ಆ ತೆರೆದ ಬಾವಿಗೆ ಸುರಿದರೆ ಅದು ಮೊಣಕಾಲಿನವರೆಗೂ ಬಾರದು. ಹೀಗಾಗಿ ತೆರೆದ ಬಾವಿ ರಾತ್ರಿಯಿಡೀ ಜಿನುಗಿದ್ದನ್ನು ಕೂಡಿಟ್ಟು ಬೆಳಗ್ಗೆ ಕೊಡಬಲ್ಲದು. ಬೋರು ಪಂಪು ಓಡುತ್ತಿರುವಾಗ ಬಿರುಕು ಎಷ್ಟು ಕೊಡುತ್ತದೋ ಅಷ್ಟನ್ನೇ ಕೊಡುತ್ತದೆ. ಬೋರಿನ ಅಗಲ ಎರಡರಷ್ಟು ಮಾಡಿದರೆ ನೀರು ಎರಡರಷ್ಟಾಗುತ್ತದೆ ಎಂಬ ಲೆಕ್ಕವೂ ಸರಿಯಲ್ಲ. ಸಮನಾದ ಮಣ್ಣಿನಲ್ಲಿ ಕೂಡ ಅಗಲ ಇಮ್ಮಡಿಸಿದರೆ ಒಳಹರಿವು ಹೆಚ್ಚುವುದು ಹತ್ತರಲ್ಲಿ ಒಂದು ಭಾಗದಷ್ಟು.

ಬೋರು ಕೊರೆದಾಗ ನಮ್ಮವರು ಎರಡು ಇಂಚು ನೀರು, ಮೂರು ಇಂಚು ನೀರು ಎನ್ನುತ್ತಾರಲ್ಲ, ಅದು ಪೈಪಿನ ಅಗಲ ಅಲ್ಲ. ಇಂಗ್ಲಿಷಿನ V ಅಕ್ಷರದ ಆಕಾರದಲ್ಲಿ ಕತ್ತರಿಸಿದ ಕಚ್ಚು ಇರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ ಅದು. ಲಂಬಕೋನದ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900 ಲೀಟರ್, ಮೂರು ಇಂಚು ಎಂದರೆ ಸುಮಾರು 8,000 ಲೀಟರ್. ಎರಡು ಇಂಚಿನ ನೀರು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಮಿಗಿಲು. ಎರಡೂವರೆ ಇದ್ದದ್ದು ಎರಡಕ್ಕೆ ಇಳಿಯಿತು, ಅರ್ಧ ಇಂಚು ತಾನೇ ಎಂದು ಸುಮ್ಮನಾಗುವವರು ತಮ್ಮ ಬೋರು ನಲವತ್ತು ಭಾಗಕ್ಕೂ ಹೆಚ್ಚು, ಎಂದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು, ನೀರನ್ನು ಕಳೆದುಕೊಂಡಿದೆ ಎಂಬುದನ್ನು ಅರಿಯಬೇಕು. ಕೊರೆದ ದಿನದ ಅಳತೆ ಬೇಸಿಗೆಯ ಅಳತೆಯೂ ಅಲ್ಲ.

ತೆರೆದ ಬಾವಿಯ ಒಳಹರಿವನ್ನು ಅಳೆಯಲು ಯಾವ ಯಂತ್ರವೂ ಬೇಡ. ಪಂಪು ಹಾಕಿ ಮಟ್ಟ ಇಳಿಸಿ, ನಿಲ್ಲಿಸಿ, ಗುರುತು ಮಾಡಿದ ಹಗ್ಗದಿಂದ ಮಟ್ಟ ಏರುವ ವೇಗವನ್ನು ನೋಡಿ. 4 ಮೀಟರ್ ಅಗಲದ ಬಾವಿಯಲ್ಲಿ 20 ನಿಮಿಷಕ್ಕೆ 10 ಸೆಂಟಿಮೀಟರ್ ಏರಿದರೆ ಆ ಮಟ್ಟದಲ್ಲಿ ಗಂಟೆಗೆ ಸುಮಾರು 3,750 ಲೀಟರ್ ಬರುತ್ತಿದೆ ಎಂದಾಯಿತು. ಮಟ್ಟ ಏರಿದಂತೆ ಈ ವೇಗ ಕುಗ್ಗುತ್ತ ಹೋಗುವುದು ಸಹಜ. ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ ಈ ಪರೀಕ್ಷೆ ಮಾಡಿದ ಬಾವಿಯ ಬಗ್ಗೆ ಪಂಚಾಯಿತಿಗೆ ತಿಳಿದಿರುವಷ್ಟು ವಿಷಯ ಬೇರೆ ಯಾವ ದಾಖಲೆಯಿಂದಲೂ ಸಿಗದು.

ಸರ್ಕಾರದ ಕಾಗದಗಳಲ್ಲಿನ ವರ್ಗಗಳನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸಣ್ಣ ನೀರಾವರಿ ಗಣತಿಯಲ್ಲಿ ತೆರೆದ ಬಾವಿ ಒಂದು ವರ್ಗ. ಕೊಳವೆ ಬಾವಿಗಳು 35 ಮೀಟರ್‌ವರೆಗೆ ಆಳವಲ್ಲದವು, 35ರಿಂದ 70 ಮೀಟರ್ ಮಧ್ಯಮ, 70 ಮೀಟರ್ ದಾಟಿದರೆ ಆಳದವು. ಇದು ಶುದ್ಧ ಅಳತೆಪಟ್ಟಿಯ ವಿಂಗಡಣೆ. ಮೊದಲು ಹೇಳಿದ ಎಂಜಿನಿಯರುಗಳ ಆಳದ ಬಾವಿಗೂ ಇದಕ್ಕೂ ಸಂಬಂಧವಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ವಿಂಗಡಿಸುವುದು ಬಾವಿಯನ್ನಲ್ಲ, ಪ್ರದೇಶವನ್ನು: ವರ್ಷಕ್ಕೆ ಬಳಕೆಗೆ ಸಿಗುವ ಅಂತರ್ಜಲದಲ್ಲಿ ಶೇಕಡ 70ರವರೆಗೆ ಎತ್ತುತ್ತಿದ್ದರೆ ಸುರಕ್ಷಿತ, 70ರಿಂದ 90 ಅರೆ ಗಂಭೀರ, 90ರಿಂದ 100 ಗಂಭೀರ, 100 ಮೀರಿದರೆ ಅತಿಬಳಕೆ. ಇನ್ನು ಕಾನೂನು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು ರಾಜ್ಯದ 1999ರ ಕಾಯ್ದೆ ಹೇಳುತ್ತದೆ. ಇದು ಪಂಚಾಯಿತಿ ಸದಸ್ಯರ ನಾಲಗೆಯ ತುದಿಯಲ್ಲಿರಬೇಕಾದ ಅಂಕಿ.

ಆರೋಗ್ಯದ ವಿಂಗಡಣೆ ಸರಳ: ರಕ್ಷಿತ ಬಾವಿ ಮತ್ತು ಅರಕ್ಷಿತ ಬಾವಿ. ಶೌಚಗುಂಡಿ, ಕೊಟ್ಟಿಗೆ, ತಿಪ್ಪೆಗಳಿಂದ ಕನಿಷ್ಠ 15 ಮೀಟರ್ ದೂರ, ಅದೂ ಇಳಿಜಾರಿನ ಮೇಲ್ಭಾಗದಲ್ಲಿ, ಮೇಲಿನ ಆರು ಮೀಟರ್ ಬಿಗಿ ಕಟ್ಟಡ, ಸೊಂಟಕ್ಕೆ ಸಮೀಪದ ಕಟ್ಟೆ, ಸುತ್ತ ಒಂದು ಮೀಟರ್ ಅಗಲದ ಸಿಮೆಂಟ್ ಹಾಸು ಮತ್ತು ಚೆಲ್ಲಿದ ನೀರು ದೂರ ಹೋಗಲು ಚರಂಡಿ, ಮೇಲೆ ಮುಚ್ಚಳ. ಇವಿಷ್ಟೂ ಇದ್ದರೆ ರಕ್ಷಿತ. ಬ್ಲೀಚಿಂಗ್ ಪುಡಿಯ ಲೆಕ್ಕವನ್ನು ನೀರುಗಂಟಿಗಳು ಬರೆದುಕೊಳ್ಳಬೇಕು: ಸಾವಿರ ಲೀಟರಿಗೆ ಒಳ್ಳೆಯ ಪುಡಿ ಸುಮಾರು ಎರಡೂವರೆ ಗ್ರಾಂ. 4 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 95 ಗ್ರಾಂ ಸಾಕು. ಪುಡಿಯನ್ನು ಬಕೆಟಿನಲ್ಲಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕದಡಬೇಕು; ತಳದ ಸುಣ್ಣವನ್ನು ಹಾಕಿದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಕಣ್ಣಂದಾಜಿನಲ್ಲಿ ಡಬ್ಬಗಟ್ಟಲೆ ಸುರಿದು ಜನ ಆ ಬಾವಿಯ ನೀರನ್ನೇ ಬಿಟ್ಟುಬಿಡುವಂತೆ ಮಾಡುವುದಕ್ಕಿಂತ ಈ ಲೆಕ್ಕ ಕಷ್ಟವಲ್ಲ.

ಒಂದೇ ರಚನೆಯ ಬಾವಿ ಮಲೆನಾಡಿನಲ್ಲಿ ಒಂದು ಬಗೆ, ಬಯಲಿನಲ್ಲಿ ಇನ್ನೊಂದು ಬಗೆ ವರ್ತಿಸುವುದನ್ನು ಈಗ ವಿವರಿಸಬಹುದು. ಶೃಂಗೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ. ಕಡೂರು, ಅರಸೀಕೆರೆಗಳಲ್ಲಿ 700ರ ಆಸುಪಾಸು. ಮಲೆನಾಡಿನಲ್ಲಿ ಮೆದು ಪದರ ದಪ್ಪ, ಮಳೆ ಬಂದರೆ ಬಾವಿ ಕಟ್ಟೆಯ ಸಮೀಪಕ್ಕೆ ತುಂಬುತ್ತದೆ, ಆದರೆ ನೆಲ ಇಳಿಜಾರಾದ್ದರಿಂದ ಅದೇ ನೀರು ಹಳ್ಳದ ಕಡೆಗೆ ಒಸರಿ ಹೋಗಿ ಮಾರ್ಚ್ ವೇಳೆಗೆ ತಳ ಕಾಣಬಹುದು. ಅಲ್ಲಿನ ಬಾವಿಗೆ ಬೇಕಾದದ್ದು ಆಳವಲ್ಲ, ಮೇಲಿನ ಗುಡ್ಡದಲ್ಲಿ ನೀರು ನಿಲ್ಲಿಸುವ ಕೆಲಸ. ಬಯಲಿನಲ್ಲಿ ಮೆದು ಪದರವೇ ವರ್ಷಗಳಿಂದ ಒಣಗಿದೆ. ಕೆರೆ ತುಂಬಿದ ವರ್ಷ ಅದರ ಕೆಳಗಿನ ತೋಟದ ತೆರೆದ ಬಾವಿಗಳು ಮತ್ತೆ ತುಂಬುವುದನ್ನು ನೀವೇ ನೋಡಿದ್ದೀರಿ. ಆ ಬಾವಿಗಳ ನೀರಿನ ದಾರಿ ಕೆರೆಯ ತಳದಿಂದ ಬರುವ ದಾರಿ. ಅಂಥ ಬಾವಿ ಬತ್ತಿದೆ ಎಂದು ಕಸ ತುಂಬಿ ಮುಚ್ಚಿದರೆ, ಕೆರೆ ತುಂಬಿದಾಗ ಆ ಕಸದ ರಸ ಊರಿನ ಬೋರುಗಳಿಗೆ ಹೋಗುತ್ತದೆ. ಬತ್ತಿದ ತೆರೆದ ಬಾವಿಯನ್ನು ಮುಚ್ಚಬೇಡಿ. ಬತ್ತಿದ ಬೋರಿನ ಬಾಯಿಯನ್ನು ಮಾತ್ರ ಒಂದು ದಿನವೂ ತೆರೆದಿಡಬೇಡಿ. ಮಕ್ಕಳು ಬಿದ್ದು ಸತ್ತ ದುರಂತಗಳ ನಂತರ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ಪ್ರಕಾರ ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಚಾವಣಿಯ ಮಳೆನೀರನ್ನು ನೇರವಾಗಿ ಬೋರಿಗೆ ಬಿಡಬಹುದೇ ಎಂದು ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಕೇಳಿದರು. ಕುಡಿಯುವ ನೀರಿನ ಬೋರಿಗೆ ಖಂಡಿತ ಬೇಡ. ಬೋರಿನ ಸುತ್ತ ಗುಂಡಿ ತೆಗೆದು, ಕೇಸಿಂಗ್‌ಗೆ ತೂತು ಕೊರೆದು ಜಾಲರಿ ಸುತ್ತಿ, ಕಲ್ಲು, ಜಲ್ಲಿ, ಮರಳು ತುಂಬಿ ನೀರಿಂಗಿಸುವ ವಿಧಾನ ಬಳಕೆಯಲ್ಲಿದೆ. ಆದರೆ ಕೇಸಿಂಗ್ ಕೊಡುತ್ತಿದ್ದ ರಕ್ಷಣೆಯನ್ನು ಆ ತೂತುಗಳು ಇಲ್ಲವಾಗಿಸುತ್ತವೆ ಎಂಬುದನ್ನು ಒಪ್ಪಿಕೊಂಡೇ ನೀರಾವರಿಯ ಬೋರಿಗೆ ಮಾತ್ರ ಅದನ್ನು ಮಾಡಬೇಕು. ಹೊಲದಲ್ಲಿ ಹಳೆಯ ತೆರೆದ ಬಾವಿ ಇದ್ದರೆ ಅದೇ ಉತ್ತಮ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಹೂಳು ನಿಲ್ಲುವ ಒಂದು ತೊಟ್ಟಿಯ ಮೂಲಕ ಹಾಯಿಸಿ, ಪೈಪಿನಿಂದ ಬಾವಿಯ ತಳದ ಸಮೀಪಕ್ಕೆ ಇಳಿಸಿದರೆ ಅದು ಗೊಚ್ಚು ಪದರಕ್ಕೆ ಸೇರುತ್ತದೆ, ಅಲ್ಲಿಂದ ಸೋಸಿಕೊಂಡು ಬೋರಿನ ಬಿರುಕಿಗೂ ಇಳಿಯುತ್ತದೆ. ಗೊಬ್ಬರ, ಔಷಧಿ ಸಿಂಪಡಿಸಿದ ಹೊಲದ ಮೇಲೆ ಹರಿದು ಬಂದ ನೀರನ್ನು ಮಾತ್ರ ಯಾವ ಬಗೆಯ ಬಾವಿಗೂ ಬಿಡಬಾರದು. ಅದನ್ನು ಬದುವಿನ ಪಕ್ಕದ ಇಂಗುಗುಂಡಿಯಲ್ಲಿಯೇ ನಿಲ್ಲಿಸಬೇಕು.